ಕಚೇರಿ ಕಂಪ್ಯೂಟರಿಗೆ ಹೊರಗಿನ ತಂತ್ರಾಂಶ ಹಾಕುವ ಮುನ್ನ

ಕೊಪ್ಪಳ ಜಿಲ್ಲೆಯ ಸರ್ಕಾರಿ ಕಚೇರಿಗಳಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಸ್ನೇಹಿತರ ಗಮನಕ್ಕೆ. ಪ್ರಿಂಟರ್ ಕೆಟ್ಟಾಗ ದುರಸ್ತಿಯವರು ಫೋನಿನಲ್ಲಿ, 'ಎನಿಡೆಸ್ಕ್ ಹಾಕಿಕೊಳ್ಳಿ, ಪರದೆಯ ಮೇಲೆ ಕಾಣುವ ಸಂಖ್ಯೆ ಹೇಳಿ' ಎಂದರೆ ದಯವಿಟ್ಟು ಒಪ್ಪಬೇಡಿ. ಎನಿಡೆಸ್ಕ್ ಎಂಬುದು ಬೇರೆಡೆ ಕುಳಿತವರು ನಿಮ್ಮ ಕಂಪ್ಯೂಟರನ್ನು ನೋಡಿ ನಡೆಸಲು ಬಿಡುವ ತಂತ್ರಾಂಶ. ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ (ಎನ್‌ಐಸಿ) 2022ರ ಜೂನ್‌ನಲ್ಲಿ ಸರ್ಕಾರಿ ನೌಕರರಿಗಾಗಿ ರೂಪಿಸಿದ ಸೈಬರ್ ಸುರಕ್ಷತಾ ಮಾರ್ಗಸೂಚಿಯು ಎನಿಡೆಸ್ಕ್, ಟೀಮ್‌ವ್ಯೂವರ್‌ನಂತಹ ಅನಧಿಕೃತ ದೂರನಿಯಂತ್ರಣ ತಂತ್ರಾಂಶಗಳನ್ನು ಬಳಸಬಾರದೆಂದೂ, ಕಚೇರಿಯ ಆಂತರಿಕ ಕಡತಗಳನ್ನು ಮೊಬೈಲ್ ಸ್ಕ್ಯಾನರ್ ಆ್ಯಪ್‌ಗಳಲ್ಲಿ ಸ್ಕ್ಯಾನ್ ಮಾಡಬಾರದೆಂದೂ ಸ್ಪಷ್ಟವಾಗಿ ಹೇಳುತ್ತದೆ. ಹೊರಗುತ್ತಿಗೆ ಸಿಬ್ಬಂದಿಯೂ ಇದನ್ನು ಪಾಲಿಸಬೇಕು. ನಮ್ಮಲ್ಲಿ ಮರೆತುಹೋಗುವುದು ಇದೇ. ದಿನನಿತ್ಯದ ಕೆಲಸಕ್ಕೆ ಅಡ್ಮಿನ್ (ತಂತ್ರಾಂಶ ಹಾಕುವ ಪೂರ್ಣ ಅಧಿಕಾರವಿರುವ) ಖಾತೆ ಅಲ್ಲದ ಸಾಮಾನ್ಯ ಖಾತೆಯನ್ನೇ ಬಳಸಿರಿ. ಆಗ ಇನ್‌ಸ್ಟಾಲ್ ಮಾಡಲು ಹೊರಟ ಹಲವು ತಂತ್ರಾಂಶಗಳು ಅಡ್ಮಿನ್ ಪಾಸ್‌ವರ್ಡ್ ಕೇಳಿ ಅಲ್ಲಿಯೇ ನಿಲ್ಲುತ್ತವೆ. ನಿಜವಾಗಿಯೂ ಅಗತ್ಯವಿದ್ದರೆ ತಂತ್ರಾಂಶದ ಹೆಸರು, ಆವೃತ್ತಿ, ಉದ್ದೇಶಗಳನ್ನು ಬರೆದು ಕಚೇರಿ ಮುಖ್ಯಸ್ಥರ ಮೂಲಕ ಲಿಖಿತ ಅನುಮತಿ ಪಡೆಯಿರಿ.