ರಕ್ತದ ರಿಪೋರ್ಟಿನ ಪಕ್ಕದಲ್ಲಿ ಒಂದು ಗಡಿಯಾರ

ವೃದ್ಧಾಶ್ರಮದಲ್ಲಿ ಯಾರಾದರೂ ಮಂಕಾದರೆ "ವಯಸ್ಸಾಯ್ತು, ಮರೆವು" ಅಂದುಬಿಡುತ್ತಾರೆ. ಅಲ್ಲಿನ ಹಿರಿಯರನ್ನು ನೋಡುವ ವೈದ್ಯೆಯಾಗಿ, ರಕ್ತ ಪರೀಕ್ಷೆ ಮಾಡಿಸದೆ ನಾನು ಆ ಮಾತು ಒಪ್ಪುವುದಿಲ್ಲ.

ಪ್ರತಿಯೊಬ್ಬರ ಫೈಲಿನಲ್ಲೂ ಎರಡು ಹಾಳೆ ಪಕ್ಕಪಕ್ಕ ಇಡುತ್ತೇನೆ. ಒಂದರಲ್ಲಿ ಹಿಮೋಗ್ಲೋಬಿನ್, ಸೋಡಿಯಂ, ಶುಗರ್, ಕಿಡ್ನಿ, ಥೈರಾಯ್ಡ್, ವಿಟಮಿನ್ ಬಿ12. ಇನ್ನೊಂದರಲ್ಲಿ 30 ಅಂಕದ ನೆನಪಿನ ಪರೀಕ್ಷೆ, ಜೊತೆಗೆ ಅವರೇ ಬಿಡಿಸಿದ ಗಡಿಯಾರದ ಚಿತ್ರ. ಪರೀಕ್ಷೆ ಯಾವಾಗಲೂ ಬೆಳಗ್ಗೆ ತಿಂಡಿ ಆದ ಮೇಲೆಯೇ. ಕನ್ನಡಕ ಹಾಕಿಸಿ, ಕಿವಿಯ ಮಷೀನಿನ ಬ್ಯಾಟರಿ ನೋಡಿ ಶುರು ಮಾಡುತ್ತೇನೆ. ಪ್ರಶ್ನೆಯೇ ಕೇಳಿಸದೆ ಅಂಕ ಕಡಿಮೆಯಾದರೆ ಅದು ಮರೆವಲ್ಲ, ಅಲ್ವಾ?

ಚುರುಕಾಗಿದ್ದ ಒಬ್ಬ ಅಜ್ಜಿ ಒಂದೇ ವಾರದಲ್ಲಿ ಮಾತು ಕಡಿಮೆ ಮಾಡಿದರು. ಗಡಿಯಾರ ಬಿಡಿಸಿ ಅಂದರೆ ಹನ್ನೆರಡೂ ಅಂಕಿಗಳನ್ನು ಒಂದೇ ಕಡೆ ತುರುಕಿದರು. ಹಳೆಯ ಹಾಳೆಯಲ್ಲಿ ಅವರದೇ ಗಡಿಯಾರ ನೀಟಾಗಿತ್ತು. ರಕ್ತದಲ್ಲಿ ಸೋಡಿಯಂ 122. ಇರಬೇಕಾದ್ದು 135ರಿಂದ 145. ಖಿನ್ನತೆಯ ಮಾತ್ರೆ ಮೊದಲೇ ಇತ್ತು, ಅದರ ಮೇಲೆ ಬಿಪಿಗೆ ಹೊಸದಾಗಿ ಥಯಜೈಡ್ ಅನ್ನುವ, ಮೂತ್ರ ಹೆಚ್ಚಿಸುವ ಮಾತ್ರೆ ಸೇರಿತ್ತು. ಎರಡೂ ಸೋಡಿಯಂ ಇಳಿಸಬಲ್ಲವು. ಥಯಜೈಡ್ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಸೇರಿಸಿದೆವು. ಸೋಡಿಯಂ ಅನ್ನು ಅವಸರದಲ್ಲಿ ಏರಿಸುವಂತಿಲ್ಲ. 24 ಗಂಟೆಯಲ್ಲಿ 8–10ಕ್ಕಿಂತ ಜಾಸ್ತಿ ಏರಿದರೆ ಮೆದುಳಿಗೇ ಪೆಟ್ಟಾಗಬಹುದು. ವಾಪಸ್ ಬಂದ ಮೇಲೆ ಅಜ್ಜಿ ಬಿಡಿಸಿದ ಗಡಿಯಾರದಲ್ಲಿ ಅಂಕಿಗಳು ತಮ್ಮ ತಮ್ಮ ಜಾಗದಲ್ಲಿದ್ದವು. ನನಗಾದ ಖುಷಿ ಅಷ್ಟಿಷ್ಟಲ್ಲ.

ಬಿ12 ಕೊರತೆ ಇಷ್ಟು ಬೇಗ ಕಾಣಿಸಿಕೊಳ್ಳುವುದಿಲ್ಲ. ವರ್ಷಗಟ್ಟಲೆ ಶುಗರಿನ ಮೆಟ್‌ಫಾರ್ಮಿನ್ ಮಾತ್ರೆ ಅಥವಾ ಆಸಿಡಿಟಿ ಮಾತ್ರೆ ನುಂಗಿದವರಲ್ಲಿ ಅದನ್ನು ಹುಡುಕಿಯೇ ನೋಡುತ್ತೇನೆ. ಹಿಮೋಗ್ಲೋಬಿನ್ ಸರಿಯಿದೆ ಅಂತ ಸುಮ್ನೆ ಬಿಡುವಂತಿಲ್ಲ, ರಕ್ತಹೀನತೆ ಇಲ್ಲದೆಯೂ ನರಕ್ಕೆ ತೊಂದರೆಯಾಗುತ್ತದೆ. ಬಿ12 ನೋಡದೆ ಬರೀ ಫೋಲಿಕ್ ಆಸಿಡ್ ಕೊಟ್ಟರೆ ರಕ್ತ ಸುಧಾರಿಸುತ್ತದೆ, ನರ ಹಾಳಾಗುತ್ತಲೇ ಇರುತ್ತದೆ.

ಎಲ್ಲ ಸರಿಪಡಿಸಿದರೂ ಅಂಕ ಏರದವರೇ ಜಾಸ್ತಿ. ಅದನ್ನು ಮನೆಯವರಿಗೆ ಮುಚ್ಚಿಡದೆ ಹೇಳುತ್ತೇನೆ. ಈಗ ಹಲವರು ಆಲ್ಝೈಮರ್‌ಗೆ ರಕ್ತ ಪರೀಕ್ಷೆ ಬಂದಿದೆಯಂತಲ್ಲ ಅಂತ ಕೇಳುತ್ತಾರೆ. ನಿಜ, ಪಿ-ಟೌ 217 ಅನ್ನುವ ಪ್ರೋಟೀನನ್ನು ರಕ್ತದಲ್ಲಿ ಅಳೆಯುವ ಪರೀಕ್ಷೆಗೆ 2025ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಆದರೆ ಕಿಡ್ನಿ ಸೋತವರಲ್ಲಿ ಪಿ-ಟೌ ಅದರಿಂದಲೇ ಏರಬಹುದು, ಮತ್ತು ಇಂಥ ಕಡೆ ಕಿಡ್ನಿ ಸೋತವರು ಬಹಳ. ಹಾಗಾಗಿ ನಾನು ಮೊದಲು ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡುತ್ತೇನೆ, ಮಾತ್ರೆಗಳ ಪಟ್ಟಿ ಓದುತ್ತೇನೆ. ಆ ಪರೀಕ್ಷೆಯ ಮಾತು ಆಮೇಲೆ.