ನೀರು ಇಳಿಯುವ ದಾರಿಯಲ್ಲೇ ಬೆಂಕಿ ಹತ್ತುತ್ತದೆ: ಮೂರು ಸಮಿತಿ ಸೇರಿ ಒಂದು ನಕ್ಷೆ ಬರೆದ ಅನುಭವ

ನಮ್ಮ ಬಡಾವಣೆ ಒಂದು ದಿಬ್ಬದ ಮೇಲಿದೆ. ಕೆಳಗೆ ಕುರುಚಲು ಕಾಡು. ಮನೆಗಳಿಗೂ ಕಾಡಿಗೂ ನಡುವೆ, ಇಳಿಜಾರಿನಲ್ಲಿ, ಉದ್ದಕ್ಕೆ ಒಂದು ಪಾರ್ಕು. ಇಷ್ಟು ಗೊತ್ತಿದ್ದರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ನೀರು ಉಳಿಸಲು ಒಂದು ಸಮಿತಿ, ಕಾಳ್ಗಿಚ್ಚಿನಿಂದ ಮನೆಗಳನ್ನು ಕಾಪಾಡಲು ಇನ್ನೊಂದು, ಪಾರ್ಕು ಸರಿಪಡಿಸಲು ಮತ್ತೊಂದು, ಹೀಗೆ ನಾವು ಮೂರು ಮಾಡಿಕೊಂಡಿದ್ದೆವು. ನಾನು ನೀರಿನ ಸಮಿತಿಯಲ್ಲಿದ್ದೆ. ಮೂವರೂ ಮನಸ್ಸಿಟ್ಟು ಕೆಲಸ ಮಾಡಿದೆವು. ಆದರೆ ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಕೆಡಿಸುತ್ತಿದ್ದೆವು ಅಂತ ತಿಳಿಯಲು ಒಂದು ವರ್ಷ ಬೇಕಾಯಿತು.

ನಮ್ಮ ತಪ್ಪಿನಿಂದಲೇ ಶುರು ಮಾಡುತ್ತೇನೆ. ಮಣ್ಣಿನ ತೇವ ಆರದಿರಲಿ ಅಂತ ನಾವು ಮನೆಮನೆಗೆ ಹೋಗಿ ಗಿಡಗಳ ಬುಡಕ್ಕೆ ತರಗೆಲೆ, ತೊಗಟೆ ಚೂರು ಹಾಸಿಸಿದೆವು. ಹೊದಿಕೆ ಹಾಕಿದ ಮೇಲೆ ನೀರು ಹಾಯಿಸುವುದು ನಿಜವಾಗಿಯೂ ಕಮ್ಮಿಯಾಯಿತು. ಬೆಂಕಿ ಸಮಿತಿಯವರು ಕರೆಸಿದ್ದ ಅಗ್ನಿಶಾಮಕ ದಳದ ಹಿರಿಯರೊಬ್ಬರು ಅದನ್ನು ನೋಡಿ ಒಂದು ಮನೆಯ ಮುಂದೆ ನಿಂತುಬಿಟ್ಟರು. "ಇದನ್ನು ಗೋಡೆಗೆ ತಾಗಿಸಿ ಹಾಸಿದ್ದು ಯಾರು?" ಅಂದರು. "ನಾವೇ ಸಾರ್," ಅಂದೆ. ಅವರು ಬೈಯಲಿಲ್ಲ. ಕೂತು ವಿವರಿಸಿದರು.

ಕಾಡಿನ ಬೆಂಕಿ ಉರಿಯುತ್ತಾ ಬಂದು ಮನೆಗೆ ಬಡಿಯುತ್ತದೆ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ ಅಲ್ವಾ? ಎಷ್ಟೋ ಸಲ ಹಾಗೆ ಆಗುವುದೇ ಇಲ್ಲ. ಗಾಳಿಯಲ್ಲಿ ಹಾರಿ ಬಂದ ಕಿಡಿ, ಕೆಂಡಗಳೇ ಹೆಚ್ಚಿನ ಮನೆಗಳನ್ನು ಹೊತ್ತಿಸುತ್ತವೆ. ಜೋರು ಗಾಳಿಯಿದ್ದರೆ ಅವು ಒಂದು ಕಿಲೋಮೀಟರಿಗಿಂತ ದೂರವೂ ಹಾರುತ್ತವೆ. ಚಾವಣಿಯಂಚಿನ ಮಳೆನೀರಿನ ದೋಣಿಯಲ್ಲಿ ತುಂಬಿದ ಎಲೆ, ಗೋಡೆಗೆ ಒರಗಿಸಿದ ಸೌದೆ, ಬಾಗಿಲ ಮುಂದಿನ ನಾರಿನ ಕಾಲೊರೆಸು, ಇಂಥ ಕಡೆ ಒಂದು ಕಿಡಿ ಕೂತರೆ ಸಾಕು. ನಾವು ಹಾಸಿದ ತೊಗಟೆಯೂ ಈಗ ಆ ಪಟ್ಟಿಗೆ ಸೇರಿತ್ತು.

ಬೆಂಕಿ ಸಮಿತಿಯವರದೂ ಒಂದು ಎಡವಟ್ಟಾಯಿತು. ಪಾರ್ಕಿನ ಕೆಳಗಿನ ಇಳಿಜಾರನ್ನು ಅವರು ಬುಡಸಮೇತ ಕೆರೆದು ಬೋಳು ಮಾಡಿದ್ದರು. ಮೊದಲ ಜೋರು ಮಳೆಗೆ ಮೇಲ್ಮಣ್ಣೆಲ್ಲ ಕೊಚ್ಚಿಹೋಯಿತು, ನಾವು ತೋಡಿದ್ದ ಇಂಗುಗುಂಡಿಗಳಲ್ಲಿ ಹೂಳು ತುಂಬಿತು. ಪಾರ್ಕು ಸಮಿತಿಯವರು ಚೆಂದ ಕಾಣಲಿ ಅಂತ ಬೇಲಿಯುದ್ದಕ್ಕೂ ಒತ್ತಾಗಿ ಪೊದೆ ನೆಟ್ಟಿದ್ದರು. ಕಾಡಿನಿಂದ ಮನೆಗಳವರೆಗೆ ಬೆಂಕಿಗೆ ಅದೊಂದು ಏಣಿ.

ಆಮೇಲೆ ಮೂರೂ ಸಮಿತಿಯವರು ಒಂದು ಭಾನುವಾರ ಒಟ್ಟಿಗೆ ನಡೆದೆವು. ಒಂದು ದೊಡ್ಡ ಹಾಳೆಯಲ್ಲಿ ರಸ್ತೆ, ಮನೆ, ಪಾರ್ಕು ಗೀಚಿಕೊಂಡು, ನೀರು ಹರಿಯುವ ದಾರಿಗೆ ನೀಲಿ ಬಾಣ, ಬೆಂಕಿ ಬರಬಹುದಾದ ದಾರಿಗೆ ಕೆಂಪು ಬಾಣ ಹಾಕುತ್ತಾ ಹೋದೆವು. ಮಧ್ಯಾಹ್ನದ ಹೊತ್ತಿಗೆ ಹಾಳೆ ನೋಡಿದರೆ ಎರಡೂ ಬಾಣ ಹೆಚ್ಚುಕಮ್ಮಿ ಒಂದೇ ಗೆರೆಯ ಮೇಲಿದ್ದವು, ದಿಕ್ಕು ಮಾತ್ರ ತಿರುಗಾಮುರುಗಾ. ಅದು ಸುಮ್ನೆ ಆದದ್ದಲ್ಲ. ತಗ್ಗಿನ ಸಾಲಿನಲ್ಲಿ ನೀರು ಇಳಿಯುತ್ತದೆ, ಅಲ್ಲೇ ಹುಲ್ಲು ಪೊದೆ ಜಾಸ್ತಿ ಬೆಳೆಯುತ್ತವೆ, ಬೇಸಿಗೆಯಲ್ಲಿ ಒಣಗುತ್ತವೆ, ಆ ಒಣಗಿದ್ದನ್ನು ಹಿಡಿದು ಬೆಂಕಿ ಮೇಲೆ ಹತ್ತುತ್ತದೆ. ಇಳಿಜಾರಿನಲ್ಲಿ ಜ್ವಾಲೆ ಮೇಲಿನ ಹುಲ್ಲಿನ ಕಡೆಗೇ ಬಾಗುತ್ತದೆ, ತಾಗುವ ಮೊದಲೇ ಅದನ್ನು ಕಾಯಿಸಿ ಒಣಗಿಸಿಬಿಡುತ್ತದೆ. ಇಳಿಜಾರು 10 ಡಿಗ್ರಿ ಜಾಸ್ತಿಯಾದರೆ ಬೆಂಕಿಯ ವೇಗ ಸುಮಾರು ಎರಡು ಪಟ್ಟಾಗುತ್ತದೆ ಅನ್ನುವುದು ಈ ಕೆಲಸ ಬಲ್ಲವರ ಲೆಕ್ಕ. ಎರಡೂ ಬಾಣಗಳು ಎದುರಾಗುವ ಜಾಗವೇ ನಮ್ಮ ಪಾರ್ಕು. ಅವತ್ತೇ ಮೂರು ಸಮಿತಿ ಮುಚ್ಚಿ ಒಂದು ಮಾಡಿದೆವು.

ಮೊದಲು ಮನೆಗಳ ಸುತ್ತ. ಗೋಡೆಯಿಂದ ಒಂದೂವರೆ ಮೀಟರ್‌ವರೆಗೆ ಉರಿಯುವಂಥದ್ದು ಏನೂ ಬೇಡ ಅಂತ ತೀರ್ಮಾನವಾಯಿತು. ಅಲ್ಲಿ ಹೊದಿಕೆಯಾಗಿ ಜಲ್ಲಿಕಲ್ಲು ಹಾಕಿದೆವು. ಕಲ್ಲಿನ ಹೊದಿಕೆಯೂ ಮಣ್ಣಿನ ತೇವ ಹಿಡಿದಿಡುತ್ತದೆ, ಹಾಗಾಗಿ ನೀರಿನ ಸಮಿತಿಯವರಾದ ನಮಗೆ ನಷ್ಟವೇನೂ ಆಗಲಿಲ್ಲ. ಅದರಾಚೆ 10 ಮೀಟರ್‌ವರೆಗೆ ಗಿಡಗಳ ನಡುವೆ ಅಂತರ ಬಿಟ್ಟೆವು. ಅಲ್ಲಿ ಎಲೆ ಹೊದಿಕೆ ಇರಬಹುದು, ಆದರೆ ಒಂದೇ ಚಾಪೆಯಂತೆ ಹಬ್ಬಬಾರದು. ಗಿಡಗಿಡಕ್ಕೆ ಬೇರೆಬೇರೆ, 5ರಿಂದ 7 ಸೆಂಟಿಮೀಟರ್ ದಪ್ಪ, ಕಾಂಡಕ್ಕೆ ತಾಗದ ಹಾಗೆ. ಗಾಳಿಕಿಂಡಿಗಳಿಗೆ 3 ಮಿಲಿಮೀಟರ್ ಕಣ್ಣಿನ ಲೋಹದ ಜಾಲರಿ ಹೊಡೆಸಿದೆವು. ಪ್ಲಾಸ್ಟಿಕ್ ಜಾಲರಿ ಬಿಸಿಗೆ ಕರಗಿಹೋಗುತ್ತದೆ, ಅದನ್ನು ಹಾಕಿಸಬೇಡಿ.

ಮರ ಕಡಿಯುವ ಮಾತು ಬಂದಾಗ ದೊಡ್ಡ ಜಗಳವೇ ಆಯಿತು. ಪಾರ್ಕಿನ ನೆರಳಲ್ಲಿ ದಿನಾ ಕೂರುವ ಹಿರಿಯರೊಬ್ಬರು ಎದ್ದು ನಿಂತು, "ಈ ಮರಗಳನ್ನು ಮುಟ್ಟಿದರೆ ನಾನು ಒಪ್ಪುವುದಿಲ್ಲಮ್ಮ, ನಿಮ್ಮ ಯೋಜನೆಯೇ ಬೇಡ," ಅಂದರು. ಅವರ ಮಾತಿನಲ್ಲಿ ಹುರುಳಿತ್ತು. ನೆರಳು ಹೋದರೆ ನೆಲ ಕಾಯುತ್ತದೆ, ಹುಲ್ಲು ಬೇಗ ಒಣಗುತ್ತದೆ, ನೀರೂ ಜಾಸ್ತಿ ಬೇಕು. ಹತ್ತಿರ ಹೋಗಿ ನೋಡಿದರೆ ತೊಂದರೆ ಮರದ್ದಲ್ಲ, ಅದರ ಕೆಳಗಿನ ಪೊದೆ ಮತ್ತು ಜೋತುಬಿದ್ದ ಕೊಂಬೆಗಳದ್ದು. ನೆಲದ ಬೆಂಕಿ ಅವನ್ನು ಹಿಡಿದು ಮರದ ತಲೆಗೆ ಏರುತ್ತದೆ. ಅದಕ್ಕೇ ನೆಲದಿಂದ 2 ಮೀಟರ್‌ವರೆಗಿನ ಕೊಂಬೆ ಸವರಿದೆವು. ಚಿಕ್ಕ ಮರವಾದರೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಮೇಲೆ ಕೈಹಚ್ಚಲಿಲ್ಲ. ಕೆಳಗಿನ ಪೊದೆ ತೆಗೆದೆವು. ಒಂದು ದೊಡ್ಡ ಮರವೂ ಬೀಳಲಿಲ್ಲ. ಆ ಹಿರಿಯರೇ ಈಗ ತರಗೆಲೆ ಗುಡಿಸುವ ಸರದಿ ಬರೆದಿಡುತ್ತಾರೆ.

ಇನ್ನು ನೀರಿನ ಮಾತು, ನನಗೆ ಹೆಚ್ಚು ಗೊತ್ತಿರುವುದು ಇದೇ. ಎಲ್ಲಕ್ಕಿಂತ ಮೊದಲು ಸೋರಿಕೆ ಹುಡುಕಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ಪಾರ್ಕಿನ ಮೀಟರ್ ಬರೆದುಕೊಂಡೆವು, ಬೆಳಗ್ಗೆ ಯಾರೂ ನಲ್ಲಿ ತಿರುಗಿಸುವ ಮೊದಲು ಮತ್ತೆ ನೋಡಿದೆವು. ಅಂಕಿ ಮುಂದೆ ಹೋಗಿತ್ತು. ನೆಲದೊಳಗೆ ಒಂದು ಪೈಪಿನ ಜೋಡಣೆ ಬಿಟ್ಟುಕೊಂಡಿತ್ತು, ಮೇಲಿನ ಹುಲ್ಲು ಬೇಸಿಗೆಯಲ್ಲೂ ಹಸಿರಾಗಿದ್ದದ್ದು ಅದಕ್ಕೇ. ಒಂದು ನಲ್ಲಿ ಸೆಕೆಂಡಿಗೆ ಒಂದು ಹನಿ ತೊಟ್ಟಿಕ್ಕಿದರೂ ವರ್ಷಕ್ಕೆ 11,000 ಲೀಟರ್ ದಾಟುತ್ತದೆ. ಹೊಸ ಟ್ಯಾಂಕು ಕಟ್ಟುವ ಯೋಚನೆಗೆ ಮುಂಚೆ ಒಂದು ರಾತ್ರಿ ಮೀಟರ್ ನೋಡಿ.

ಮಳೆನೀರಿನ ಲೆಕ್ಕ ಸುಲಭ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್. 100 ಚದರ ಮೀಟರ್ ಚಾವಣಿಗೆ 10 ಮಿಲಿಮೀಟರ್ ಬಿದ್ದರೆ 1,000 ಲೀಟರ್. ಚೆಲ್ಲುವುದು, ಆರುವುದು ಕಳೆದು ನಾವು 800 ಅಂತ ಹಿಡಿದೆವು. ಈ ಲೆಕ್ಕ ಹಾಕಿದ ಮೇಲೆ ಮೇಲಿನ ಮನೆಗಳ ಹೆಚ್ಚುವರಿ ನೀರನ್ನು ರಸ್ತೆಗೆ ಬಿಡುವ ಬದಲು ಪಾರ್ಕಿನತ್ತ ತಿರುಗಿಸಿದೆವು. ಬೋಳಾಗಿದ್ದ ಇಳಿಜಾರಿಗೆ ಅಡ್ಡಲಾಗಿ, ಸಮಪಾತಳಿಯಲ್ಲಿ, ಉದ್ದನೆಯ ಕಂದಕ ತೋಡಿದೆವು. ನೀರು ಅಲ್ಲಿ ನಿಂತು ಇಂಗುತ್ತದೆ, ಮಣ್ಣು ಕೊಚ್ಚಿಹೋಗುವುದಿಲ್ಲ. ಕಂದಕದ ದಡದಲ್ಲಿ ನೆಲಕ್ಕಂಟಿ ಬೆಳೆಯುವ ಹಸಿ ಎಲೆಯ ಗಿಡ ಹಾಕಿದೆವು. ಅವು ಒಣಗದಿರುವವರೆಗೆ ಬೆಂಕಿಗೂ ಒಂದು ತಡೆ.

ಸ್ಪ್ರಿಂಕ್ಲರ್ ಸರಿಯಿದೆಯಾ ಅಂತ ನೋಡಲು ಒಂದೇ ಅಳತೆಯ ಡಬ್ಬಿಗಳನ್ನು ಹುಲ್ಲಿನ ಮೇಲೆ ಅಲ್ಲಲ್ಲಿ ಇಟ್ಟು 15 ನಿಮಿಷ ಬಿಟ್ಟೆವು. ಒಂದು ಮೂಲೆಯ ಡಬ್ಬಿ ತುಂಬಿದ್ದರೆ ಇನ್ನೊಂದು ಮೂಲೆಯದು ಬರೀ ಒದ್ದೆಯಾಗಿತ್ತು. ಒಣಗಿದ ಆ ಮೂಲೆಗಾಗಿ ನಾವು ಇಷ್ಟು ದಿನ ಇಡೀ ಹುಲ್ಲುಹಾಸಿಗೆ ಡಬಲ್ ನೀರು ಬಿಡುತ್ತಿದ್ದೆವು. ಮರಗಳಿಗೆ ಹನಿ ನೀರಾವರಿ ಹಾಕಿದೆವು, ಕೊಳವೆಯನ್ನು ಕಾಂಡದ ಬುಡಕ್ಕಲ್ಲ, ಕೊಂಬೆಗಳ ಅಂಚಿನ ಕೆಳಗೆ ಸುತ್ತು ಹಾಕಿ. ನೀರು ಕುಡಿಯುವ ಬೇರುಗಳು ಹೆಚ್ಚಾಗಿ ಅಲ್ಲಿರುತ್ತವೆ. ಯಾರೂ ಆಡದ ಕಡೆಯ ಹುಲ್ಲುಹಾಸು ತೆಗೆದು, ಉಳಿದ ನೀರನ್ನು ಕಾಡಿನ ಕಡೆಯ ಅಂಚಿಗೆ ಕೊಟ್ಟೆವು. ಅಲ್ಲಿ ಹಸಿರಿದ್ದರೆ ಮನೆಗಳಿಗೂ ಕಾವಲು.

ಪಾರ್ಕಿನ ವಾಕಿಂಗ್ ದಾರಿಯನ್ನೂ ಅದೇ ಅಂಚಿಗೆ ಸರಿಸಿದೆವು. ಬರೀ ಮಣ್ಣು ಜಲ್ಲಿಯ ಅಗಲವಾದ ದಾರಿ. ದಿನಾ ಜನ ನಡೆಯುವುದರಿಂದ ಹುಲ್ಲು ಹುಟ್ಟುವುದಿಲ್ಲ, ಬೆಂಕಿ ರೇಖೆಯನ್ನು, ಅಂದರೆ ಬೆಂಕಿ ದಾಟದ ಹಾಗೆ ಬೋಳು ಬಿಡುವ ಪಟ್ಟಿಯನ್ನು, ಬೇರೆಯಾಗಿ ಕಡಿಯುವ ಕೆಲಸವೂ ತಪ್ಪಿತು. ನೆಲದ ಬೆಂಕಿ ಸಾಮಾನ್ಯವಾಗಿ ಅಲ್ಲಿ ತಗ್ಗುತ್ತದೆ, ಕಿಡಿ ಮಾತ್ರ ಹಾರಿಬರುತ್ತದೆ, ಅದಕ್ಕೇ ಮನೆ ಸುತ್ತಲ ಕೆಲಸ ಬಿಡುವ ಹಾಗಿಲ್ಲ. ಅಗ್ನಿಶಾಮಕ ವಾಹನ ಒಳಗೆ ಬರಲಿ ಅಂತ ಗೇಟನ್ನು 6 ಮೀಟರ್ ಅಗಲ ಮಾಡಿದೆವು. ಅದೇ ಗೇಟಿನಿಂದ ಗಾಲಿಕುರ್ಚಿಯವರೂ ಮಕ್ಕಳ ಗಾಡಿಯವರೂ ಈಗ ಸಲೀಸಾಗಿ ಬರುತ್ತಾರೆ.

ಒಂದು ಎಚ್ಚರಿಕೆ. ಹುಲ್ಲು ಕತ್ತರಿಸುವ ಯಂತ್ರವನ್ನು ಬಿಸಿಲೇರಿದ ಮೇಲೆ, ಗಾಳಿ ಬೀಸುವಾಗ ಓಡಿಸಬೇಡಿ. ಬ್ಲೇಡು ಕಲ್ಲಿಗೆ ಬಡಿದ ಕಿಡಿಯಿಂದಲೇ ಬೆಂಕಿ ಹತ್ತುತ್ತದೆ. ನಮ್ಮಲ್ಲಿ ಒಮ್ಮೆ ಹೀಗೆ ಹೊಗೆಯಾಡಿತು, ಪಕ್ಕದಲ್ಲಿ ನೀರಿನ ಪೈಪು ಹಿಡಿದು ಒಬ್ಬರು ನಿಂತಿದ್ದರಿಂದ ಅಲ್ಲಿಗೇ ಆರಿತು. ಈಗ ಬೆಳಗಿನ ಜಾವ, ಇಬ್ಬರಿದ್ದರೆ ಮಾತ್ರ ಯಂತ್ರ ಶುರು.

ಜನರನ್ನು ಹೊರಗೆ ಸಾಗಿಸುವ ಯೋಜನೆ ಕಾಗದದಲ್ಲಿ ಚೆನ್ನಾಗಿತ್ತು. ಅಭ್ಯಾಸ ಮಾಡಿದ ದಿನ ಎಲ್ಲ ಕಾರುಗಳೂ ಒಂದೇ ತಿರುವಿನಲ್ಲಿ ಸಿಕ್ಕಿಕೊಂಡವು, ರಸ್ತೆಯ ಎರಡೂ ಬದಿ ಗಾಡಿ ನಿಲ್ಲಿಸಿದ್ದರು. ಅವತ್ತಿನಿಂದ ಆ ರಸ್ತೆಯಲ್ಲಿ ಒಂದೇ ಬದಿ ಪಾರ್ಕಿಂಗ್. ನಡೆಯಲಾಗದವರು, ಒಬ್ಬರೇ ಇರುವವರು ಯಾವ ಮನೆಯಲ್ಲಿದ್ದಾರೆ, ಅವರನ್ನು ಕರೆದುಕೊಂಡು ಹೋಗುವವರು ಯಾರು ಅಂತಲೂ ಬರೆದಿಟ್ಟಿದ್ದೇವೆ. ಒಬ್ಬೊಬ್ಬರಿಗೂ ಇಬ್ಬರ ಹೆಸರು, ಒಬ್ಬರು ಊರಲ್ಲಿಲ್ಲದಿದ್ದರೆ ಇನ್ನೊಬ್ಬರು.

ಕೆಲಸ ಮುಗಿದಿಲ್ಲ. ಪಾರ್ಕಿನ ಕೆಳಮೂಲೆಗೆ ತಾಗಿಕೊಂಡು ಒಂದು ಖಾಲಿ ಜಾಗವಿದೆ, ಅದರ ಯಜಮಾನರು ದೂರದಲ್ಲಿದ್ದಾರೆ, ಸೊಂಟದೆತ್ತರ ಹುಲ್ಲು ನಿಂತಿದೆ. ನಮ್ಮ ಕೆಂಪು ಬಾಣ ಶುರುವಾಗುವುದೇ ಅಲ್ಲಿಂದ. ಎರಡು ಪತ್ರ ಬರೆದೆವು, ಉತ್ತರ ಬರಲಿಲ್ಲ. ಮೂರನೆಯದರ ಜೊತೆ ಆ ನಕ್ಷೆಯ ಫೋಟೋ ಕಳಿಸಿದೆವು. ಮೊನ್ನೆ ಫೋನ್ ಮಾಡಿ, "ನೀವೇ ಕತ್ತರಿಸಿಕೊಳ್ಳಿ, ನನ್ನ ಅಭ್ಯಂತರವಿಲ್ಲ," ಅಂದರು. ಅದನ್ನು ಬರಹದಲ್ಲಿ ಕೊಡಿ ಅಂತ ಕೇಳಿದ್ದೇವೆ. ಅದು ಕೈಗೆ ಬಂದ ಭಾನುವಾರವೇ, ಬೆಳಗಿನ ತೇವ ಆರುವ ಮುಂಚೆ, ಕುಡುಗೋಲು ಹಿಡಿದು ಎಲ್ಲರೂ ಅಲ್ಲಿಗೆ ಇಳಿಯುತ್ತೇವೆ.