'ನೇಮ್‌ಸೇಕ್' ಕಾದಂಬರಿಯನ್ನು ತೋಟದ ಮಕ್ಕಳ ಜೊತೆ ಓದಿದ್ದು

ಹದಿನಾಲ್ಕು ಹದಿನೈದು ವರ್ಷದ ಮಕ್ಕಳಿಗೆ ಯಾವ ಕಾದಂಬರಿ ಓದಿಸಬಹುದು ಅಂತ ಯಾರು ಕೇಳಿದರೂ ನಾನು ಝುಂಪಾ ಲಾಹಿರಿಯವರ 'ದಿ ನೇಮ್‌ಸೇಕ್' ಹೆಸರು ಹೇಳುತ್ತೇನೆ. 2003ರಲ್ಲಿ ಬಂದ ಪುಸ್ತಕ. ಅಮೆರಿಕದಲ್ಲಿ ಹುಟ್ಟಿದ ಬಂಗಾಳಿ ಹುಡುಗ ಗೊಗೊಲ್ ಗಂಗೂಲಿಯ ಕಥೆ, ಅವನ ಅಪ್ಪ ಅಮ್ಮನ ಕಥೆ. ಹೇಳಿದ ತಕ್ಷಣ ಎದುರಿನವರ ಹುಬ್ಬು ಮೇಲೆ ಹೋಗುತ್ತದೆ. ಅಮೆರಿಕಕ್ಕೆ ಹೋದ ಎಂಜಿನಿಯರ್ ಮನೆಯ ಕಷ್ಟ ಕೊಡಗಿನ ಸಿದ್ದಾಪುರದ ಕಡೆಯ ಮಕ್ಕಳಿಗೆ ಯಾಕೆ ಬೇಕು ಅಂತ. ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ನಾನು ಓದಿಸಿದ್ದೇನೆ, ಮಕ್ಕಳು ಕೂತು ಕೇಳಿದ್ದಾರೆ, ಗೊಗೊಲ್ ಪರ ವಿರೋಧ ಅಂತ ಜಗಳವನ್ನೂ ಆಡಿದ್ದಾರೆ. ಹೇಗೆ ಮಾಡಿದೆ ಅಂತ ಬರೆಯುತ್ತೇನೆ, ಬೇಕಾದವರು ಬೇಕಾದಷ್ಟು ತೆಗೆದುಕೊಳ್ಳಿ.

ನಾನು ಇಂಗ್ಲಿಷ್ ಟೀಚರ್. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಪಂಚಾಯಿತಿ ಲೈಬ್ರರಿಯಲ್ಲಿ, ಈಗ ಅರಿವು ಕೇಂದ್ರ ಅಂತಾರಲ್ಲ ಅಲ್ಲಿ, ಎಂಟರಿಂದ ಹತ್ತನೇ ಕ್ಲಾಸಿನ ಮಕ್ಕಳನ್ನು ಸೇರಿಸಿಕೊಂಡು ಓದುತ್ತೇವೆ. ಒಂದೇ ಬೆಂಚಿನಲ್ಲಿ ಇಡೀ ಕೊಡಗು ಕೂತಿರುತ್ತದೆ. ಕೊಡವ ತಕ್ಕ್ ಆಡುವವರು, ನಮ್ಮ ಹಾಗೆ ಅರೆಭಾಷೆಯವರು, ಮಲಯಾಳ ಮಾತಾಡುವವರು, ತಮಿಳು ಮನೆಯವರು, ಹಾಡಿಯಿಂದ ಬರುವ ಯರವ ಬುಡಕಟ್ಟಿನ ಮಕ್ಕಳು. ಇತ್ತೀಚೆಗೆ ಅಸ್ಸಾಂ, ಬಂಗಾಳದಿಂದ ತೋಟದ ಕೆಲಸಕ್ಕೆ ಬಂದು ಲೈನ್ ಮನೆಗಳಲ್ಲಿ ಇರುವವರ ಮಕ್ಕಳೂ ಇದ್ದಾರೆ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಇನ್ನೊಂದು. ಇವರಿಗೆ ಅದೊಂದು ವಿಷಯವೇ ಅಲ್ಲ. ಹಾಗಾಗಿ 'ಎರಡು ಸಂಸ್ಕೃತಿಗಳ ನಡುವೆ ಸಿಕ್ಕಿಬಿದ್ದ ಹುಡುಗ' ಅನ್ನೋ ಥರದ ಮಾತು ಇವರ ಮುಂದೆ ನಡೆಯುವುದಿಲ್ಲ. ಬರೀ ಎರಡೇನಾ ಮಿಸ್ ಅಂತಾರೆ.

ನಾನು ಇಟ್ಟುಕೊಂಡ ನಿಯಮ ಒಂದೇ. ಗುರುತು, ಸಂಸ್ಕೃತಿ, ಬೇರು ಅನ್ನುವ ಪದಗಳನ್ನು ನಾನಾಗಿ ಬಾಯಿಗೆ ತರುವುದಿಲ್ಲ. ನಿನ್ನ ಸಂಸ್ಕೃತಿ ಏನು ಅಂತ ಕೇಳಿ ನೋಡಿ, ಸುಗ್ಗಿ ಹಬ್ಬ ಹುತ್ತರಿಯ ಕೋಲಾಟ, ಹಂದಿ ಮಾಂಸದ ಪಂದಿಕರಿ, ಸೊಂಟದ ಪೀಚೆಕತ್ತಿ ಅಂತ ಪ್ರವಾಸಿಗರಿಗೆ ಹೇಳುವ ಉತ್ತರ ಬರುತ್ತದೆ. ಹಾಡಿಯ ಹುಡುಗ, ಲೈನ್ ಮನೆಯ ಹುಡುಗಿ ಇಬ್ಬರೂ ನೆಲ ನೋಡುತ್ತಾರೆ. ಅದರ ಬದಲು ವಸ್ತುಗಳ ಬಗ್ಗೆ ಕೇಳಬೇಕು. ನಿಮ್ಮ ಅಡುಗೆಮನೆಯಲ್ಲಿ ಯಾವ ಡಬ್ಬಿ ಖಾಲಿಯಾದರೆ ಅಮ್ಮ ಸಿಟ್ಟಾಗ್ತಾರೆ? ಯಾರ ಫೋನ್ ಬಂದರೆ ಜೋರಾಗಿ ಮಾತಾಡ್ತಾರೆ? ಗೋಡೆ ಮೇಲೆ ಯಾರ ಫೋಟೋ ಇದೆ? ಇಂಥ ಪ್ರಶ್ನೆಗೆ ಎಲ್ಲರ ಹತ್ತಿರವೂ ಉತ್ತರ ಇರುತ್ತದೆ. ಲಾಹಿರಿ ಈ ಕಾದಂಬರಿಯನ್ನು ಕಟ್ಟಿರುವುದೂ ಹೀಗೆಯೇ. ದೊಡ್ಡ ಮಾತು ಕಡಿಮೆ. ತಟ್ಟೆ, ಕಾಗದ, ಶೂ, ಪುಸ್ತಕ ಇವೇ ಜಾಸ್ತಿ.

ಮೊದಲ ಪುಟವನ್ನೇ ನೋಡಿ. 1968ರ ಆಗಸ್ಟ್. ಅಮೆರಿಕದ ಕೇಂಬ್ರಿಜ್‌ನಲ್ಲಿ ಗೊಗೊಲ್‌ನ ಅಮ್ಮ, ತುಂಬು ಗರ್ಭಿಣಿ ಅಶಿಮಾ, ಅಡುಗೆಮನೆಯಲ್ಲಿ ನಿಂತು ಬಟ್ಟಲಲ್ಲಿ ಏನೋ ಕಲಸುತ್ತಿದ್ದಾಳೆ. ಕಲ್ಕತ್ತಾದ ಬೀದಿಯಲ್ಲಿ ಸಿಗುವ ಝಾಲ್‌ಮುಡಿ ತಿನ್ನಬೇಕು ಅನ್ನಿಸಿದೆ, ಆದರೆ ಅಲ್ಲಿ ಮುಡಿ, ಅಂದರೆ ನಮ್ಮ ಕಡ್ಲೆಪುರಿ, ಎಲ್ಲಿಂದ ಬರಬೇಕು? ರೈಸ್ ಕ್ರಿಸ್ಪೀಸ್ ಅಂತ ಅವರು ಹಾಲಿಗೆ ಹಾಕಿಕೊಂಡು ತಿನ್ನುವ ಡಬ್ಬಿ ತಿಂಡಿ ಇದೆಯಲ್ಲ, ಅದಕ್ಕೇ ಕಡಲೆಕಾಯಿ ಬೀಜ, ಈರುಳ್ಳಿ, ಉಪ್ಪು, ನಿಂಬೆರಸ, ಹಸಿಮೆಣಸು ಸೇರಿಸುತ್ತಾಳೆ. ಸಾಸಿವೆ ಎಣ್ಣೆ ಇಲ್ಲ. ಇಷ್ಟೇ ದೃಶ್ಯ. ಇದನ್ನು ಓದುವಾಗ ಹಿಂದಿನ ಬೆಂಚಿನಲ್ಲಿ ಸದಾ ಸುಮ್ಮನೆ ಕೂರುತ್ತಿದ್ದ, ಬಂಗಾಳದ ಕಡೆಯಿಂದ ಬಂದ ಹುಡುಗಿ ಮೊದಲ ಸಲ ಬಾಯಿ ಬಿಟ್ಟಳು. ಸಾಸಿವೆ ಎಣ್ಣೆ ಇಲ್ಲದಿದ್ದರೆ ಅದು ಝಾಲ್‌ಮುಡಿಯೇ ಅಲ್ಲ ಅಂದಳು. ಮತ್ತೆ ಗೊಗೊಲ್‌ನ ಅಪ್ಪನ ಹೆಸರು ಅಶೋಕ್ ಅಲ್ಲ ಮಿಸ್, ಒಶೋಕ್ ಅಂತ ನನ್ನನ್ನೂ ತಿದ್ದಿದಳು.

ಮುಂದಿನ ವಾರ ನಾವು ಕಡ್ಲೆಪುರಿ ತಂದೆವು, ಅವಳು ಸಣ್ಣ ಬಾಟಲಿಯಲ್ಲಿ ಎಣ್ಣೆ ತಂದಳು. ಕೆಲವರಿಗೆ ವಾಸನೆ ಮೂಗಿಗೆ ಹೊಡೆದು ಕಣ್ಣಲ್ಲಿ ನೀರು ಬಂತು, ಕೆಲವರು ಎರಡನೇ ಸಲ ಹಾಕಿಸಿಕೊಂಡರು. ಅಲ್ಲಿಂದಾಚೆ ಪುಸ್ತಕದಲ್ಲಿ ಬಂಗಾಳದ ಏನೇ ಬಂದರೂ ಎಲ್ಲರೂ ತಿರುಗುತ್ತಿದ್ದುದು ಅವಳ ಕಡೆಗೆ, ನನ್ನ ಕಡೆಗಲ್ಲ. ಯಾರಾದರೂ ಈ ಪುಸ್ತಕ ಓದಿಸುವುದಾದರೆ ಈ ಕಲಸುವ ಕೆಲಸ ಬಿಡಬೇಡಿ. ಖರ್ಚೇನೂ ಇಲ್ಲ.

ಓದುವ ರೀತಿ ಹೀಗೆ. ಪುಸ್ತಕ ಇಂಗ್ಲಿಷಿನದು, ಎಲ್ಲರ ಇಂಗ್ಲಿಷ್ ಒಂದೇ ಮಟ್ಟದಲ್ಲಿ ಇರಲ್ಲ. ಒಂದು ಪ್ಯಾರಾ ಇಂಗ್ಲಿಷಿನಲ್ಲಿ ನಿಧಾನಕ್ಕೆ ಓದುತ್ತೇನೆ, ಆಮೇಲೆ ಅದನ್ನೇ ಕನ್ನಡದಲ್ಲಿ ಕಥೆ ಹೇಳುವ ಹಾಗೆ ಹೇಳುತ್ತೇನೆ. ಸುಲಭದ ಪ್ಯಾರಾ ಬಂದರೆ ಮಕ್ಕಳೇ ಓದುತ್ತಾರೆ. ಜೂನ್‌ನಲ್ಲಿ ಶುರು ಮಾಡಿ ಹುತ್ತರಿ ಹೊತ್ತಿಗೆ ಮುಗಿಸಿದೆವು. ಮಳೆಗಾಲದಲ್ಲಿ ಒಂದು ತೊಂದರೆ. ಲೈಬ್ರರಿಗೆ ಶೀಟಿನ ಮಾಡು, ಜೋರು ಮಳೆ ಹಿಡಿದರೆ ಪಕ್ಕದವರ ಮಾತೇ ಕೇಳಲ್ಲ. ಅಂಥ ದಿನ ಓದು ಬಿಟ್ಟು ಬರೆಯುವುದು. ಇನ್ನೊಂದು ಆನೆ. ತೋಟದ ದಾರಿಯಲ್ಲಿ ನಡೆದು ಹೋಗುವ ಮಕ್ಕಳನ್ನು ಕತ್ತಲಾಗುವ ಮುಂಚೆ ಮನೆ ಮುಟ್ಟಿಸಬೇಕು. ಆದ್ದರಿಂದ ಎಷ್ಟೇ ರುಚಿಯಾದ ಭಾಗ ಬಂದರೂ ನಾಲ್ಕೂವರೆಗೆ ಪುಸ್ತಕ ಮುಚ್ಚಲೇಬೇಕು. ಇದರಿಂದ ಲಾಭವೇ ಆಯಿತು ಅನ್ನಿ, ಮುಂದೇನು ಅಂತ ಕೇಳುತ್ತಲೇ ಹೋಗುತ್ತಿದ್ದರು.

ಹದಿಹರೆಯದ ಕಥೆ ಅಂತ ನೇರವಾಗಿ ಗೊಗೊಲ್‌ನ ಹೈಸ್ಕೂಲಿಗೆ ಹಾರಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಅಪ್ಪ ಅಮ್ಮನಿಂದಲೇ ಶುರು ಮಾಡಬೇಕು. 1961ರಲ್ಲಿ ಅಶೋಕ್ ಇನ್ನೂ ಕಾಲೇಜು ಹುಡುಗ, ಅಜ್ಜನನ್ನು ನೋಡಲು ರಾತ್ರಿ ರೈಲಿನಲ್ಲಿ ಹೊರಟಿದ್ದಾನೆ. ಕೈಯಲ್ಲಿ ರಷ್ಯಾದ ನಿಕೊಲಾಯ್ ಗೊಗೊಲ್‌ನ ಕಥೆಗಳು, ಓದುತ್ತಿರುವುದು 'ಓವರ್‌ಕೋಟ್'. ರೈಲು ಹಳಿ ತಪ್ಪುತ್ತದೆ. ಹುಡುಕಲು ಬಂದವರಿಗೆ ಅವನ ಕೈಯಿಂದ ಬಿದ್ದ ಪುಸ್ತಕದ ಹಾಳೆ ಕಾಣಿಸಿ ಅವನು ಬದುಕುತ್ತಾನೆ. ನಮ್ಮ ಜಿಲ್ಲೆಯಲ್ಲಿ ರೈಲು ಹಳಿಯೇ ಇಲ್ಲ, ರೈಲು ಹತ್ತದ ಮಕ್ಕಳು ಎಷ್ಟೋ ಜನ. ಬರ್ತ್ ಎಲ್ಲಿರುತ್ತೆ, ರಾತ್ರಿ ಲೈಟ್ ಆರಿಸ್ತಾರಾ, ಕಿಟಕಿ ಎಷ್ಟು ದೊಡ್ಡದು, ಎಲ್ಲವನ್ನೂ ವಿವರಿಸಿದ್ದು ಮತ್ತೆ ಆ ಹುಡುಗಿಯೇ. ಅವಳು ದಿನಗಟ್ಟಲೆ ರೈಲಿನಲ್ಲಿ ಕೂತು ಇಲ್ಲಿಗೆ ಬಂದವಳು.

ಮಗುವಿಗೆ ಹೆಸರು ಇಡಬೇಕಾದದ್ದು ಅಶಿಮಾಳ ಅಜ್ಜಿ. ಅಜ್ಜಿ ಬರೆದ ಕಾಗದ ಅಮೆರಿಕ ತಲುಪುವುದೇ ಇಲ್ಲ. ಹೆಸರಿಲ್ಲದೆ ಮಗುವನ್ನು ಮನೆಗೆ ಕಳಿಸಲ್ಲ ಅಂತ ಆಸ್ಪತ್ರೆಯವರು. ಸದ್ಯಕ್ಕೆ ಇರಲಿ ಅಂತ ಅಪ್ಪ ಕೊಟ್ಟ ಹೆಸರು ಗೊಗೊಲ್. ಮುಂದೆ ಹದಿನೆಂಟಕ್ಕೆ ಕೋರ್ಟಿಗೆ ಹೋಗಿ ಅವನು ನಿಖಿಲ್ ಆಗುತ್ತಾನೆ. ಇದನ್ನು ನಮ್ಮ ಮಕ್ಕಳು ದೊಡ್ಡ ದುರಂತ ಅಂತ ನೋಡಲೇ ಇಲ್ಲ. ಆಧಾರ್‌ನಲ್ಲಿ ಒಂದು, ಟಿಸಿಯಲ್ಲಿ ಒಂದು, ಮನೆಯಲ್ಲಿ ಕರೆಯುವುದು ಇನ್ನೊಂದು. ಕೊಡವರ ಹುಡುಗನಿಗೆ ಮನೆಹೆಸರೇ ಅರ್ಧ ಸಾಲು, ಫಾರಂನಲ್ಲಿ ಚೌಕ ಸಾಲುವುದಿಲ್ಲ. ಒಂದು ದಿನದಲ್ಲಿ ಕೋರ್ಟಲ್ಲಿ ಹೆಸರು ಬದಲಾಯಿಸಿಕೊಟ್ಟರಾ, ಅಷ್ಟು ಸಲೀಸಾ ಅಂತ ಅವರಿಗೆ ಅಮೆರಿಕದ ಮೇಲೆ ಗೌರವ ಬಂತು! ಈ ಕಾದಂಬರಿ ಹೆಸರಿನ ಬಗ್ಗೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಹಾಗನ್ನಿಸಲ್ಲ. ಹೆಸರು ಬರೀ ಬಾಗಿಲು. ಒಳಗೆ ಇರುವುದು ಅಪ್ಪ.

ಆ ಭಾಗಕ್ಕೆ ಹೋಗುವ ಮುಂಚೆ ಸ್ಮಶಾನದ ಪ್ರಸಂಗ ಹೇಳಬೇಕು. ಹನ್ನೊಂದು ವರ್ಷದ ಗೊಗೊಲ್‌ನನ್ನು ಶಾಲೆಯಿಂದ ಹಳೇ ಸ್ಮಶಾನಕ್ಕೆ ಕರೆದುಕೊಂಡು ಹೋಗುತ್ತಾರೆ. ಸಮಾಧಿ ಕಲ್ಲಿನ ಮೇಲೆ ಕಾಗದ ಇಟ್ಟು ಬಣ್ಣ ಉಜ್ಜಿ ಅಕ್ಷರ ಮೂಡಿಸುವುದು ಕೆಲಸ. ಬೇರೆ ಮಕ್ಕಳು ತಮ್ಮ ಮನೆತನದ ಹೆಸರು ಹುಡುಕುತ್ತಾರೆ, ಇವನ ಹೆಸರು ಅಲ್ಲಿ ಸಿಗುವ ಮಾತೇ ಇಲ್ಲ. ಸಿಕ್ಕ ವಿಚಿತ್ರ ಹೆಸರುಗಳನ್ನೇ ಉಜ್ಜಿಕೊಂಡು ಮನೆಗೆ ತರುತ್ತಾನೆ, ಅಮ್ಮ ಹೌಹಾರುತ್ತಾಳೆ. ಇಲ್ಲಿ ನಾನು ಓದು ನಿಲ್ಲಿಸಿ ನಮ್ಮ ರಾಜಕುಮಾರಿ ಗೌರಮ್ಮನ ಕಥೆ ಹೇಳಿದೆ. 1834ರಲ್ಲಿ ಬ್ರಿಟಿಷರು ಪಟ್ಟದಿಂದ ಇಳಿಸಿದ ಕೊಡಗಿನ ರಾಜ ಚಿಕ್ಕವೀರರಾಜೇಂದ್ರನ ಮಗಳು. ಅಪ್ಪನ ಜೊತೆ ಇಂಗ್ಲೆಂಡಿಗೆ ಹೋದಳು. 1852ರಲ್ಲಿ, ಸುಮಾರು ಹನ್ನೊಂದರ ವಯಸ್ಸಲ್ಲಿ, ರಾಣಿ ವಿಕ್ಟೋರಿಯಾಳೇ ಮುಂದೆ ನಿಂತು ದೀಕ್ಷಾಸ್ನಾನ ಮಾಡಿಸಿ ವಿಕ್ಟೋರಿಯಾ ಗೌರಮ್ಮ ಅಂತ ಹೆಸರಿಟ್ಟರು. 1864ರಲ್ಲಿ ತೀರಿಕೊಂಡಳು, ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ. ಮಡಿಕೇರಿಯ ಗದ್ದಿಗೆಗೆ, ಅಂದರೆ ರಾಜರ ಸಮಾಧಿಗಳಿಗೆ, ಹೋಗಿ ಸೆಲ್ಫಿ ತೆಗೆದ ಮಕ್ಕಳಿಗೂ ಇವಳ ವಿಷಯ ಗೊತ್ತಿರಲಿಲ್ಲ. ಅವಳನ್ನು ಯಾರಾದರೂ ಕೇಳಿದ್ರಾ ಅಂತ ಒಂಬತ್ತನೇ ಕ್ಲಾಸಿನವಳೊಬ್ಬಳು ಕೇಳಿದಳು. ಗೊಗೊಲ್ ಕೋರ್ಟಿಗೆ ಹೋಗುವ ಅಧ್ಯಾಯವನ್ನು ಮಕ್ಕಳು ಆಮೇಲೆ ಬೇರೆಯೇ ಕಿವಿಯಿಂದ ಕೇಳಿದರು.

ಇನ್ನು ಹದಿನಾಲ್ಕನೇ ಹುಟ್ಟುಹಬ್ಬ. ಅಪ್ಪ ಮಗನ ಕೋಣೆಗೆ ಬಂದು ನಿಕೊಲಾಯ್ ಗೊಗೊಲ್‌ನ ಕಥೆಗಳ ಪುಸ್ತಕ ಕೊಡುತ್ತಾನೆ. ಮಗ ಬೀಟಲ್ಸ್ ಹಾಡು ಹಾಕಿಕೊಂಡು ಕೂತಿದ್ದಾನೆ, ಸರಿ ಥ್ಯಾಂಕ್ಸ್ ಅಂತ ಪುಸ್ತಕ ಶೆಲ್ಫಿಗೆ ಸೇರಿಸುತ್ತಾನೆ. ರೈಲಿನ ವಿಷಯ ಹೇಳಬೇಕು ಅಂತ ಬಂದ ಅಪ್ಪ ಹೇಳದೆ ಹೋಗುತ್ತಾನೆ. ಇಡೀ ಪುಸ್ತಕದಲ್ಲಿ ನಾವು ಹೆಚ್ಚು ಹೊತ್ತು ನಿಂತದ್ದು ಇಲ್ಲೇ. ಅರ್ಧ ಮಕ್ಕಳಿಗೆ ಅಪ್ಪನ ಮೇಲೆ ಸಿಟ್ಟು, ಯಾಕೆ ಹೇಳಲಿಲ್ಲ ಅಂತ. ಅರ್ಧ ಮಕ್ಕಳಿಗೆ ಗೊಗೊಲ್ ಮೇಲೆ. ಅವನಿಗೆ ಎಲ್ಲ ಇದೆ, ಸ್ವಂತ ರೂಮು ಬೇರೆ, ಆದರೂ ಯಾವಾಗಲೂ ಮುಖ ಊದಿಸಿಕೊಂಡೇ ಇರ್ತಾನೆ ಅಂತ.

ಆಗ ನದಿ ದಡದ ಕಡೆಯ ಹುಡುಗನೊಬ್ಬ, ನಮ್ಮಪ್ಪನೂ ಹೇಳಲ್ಲ ಅಂದ. 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಯಹುದಿಕೇರಿಗೆ ನುಗ್ಗಿದಾಗ ಇವರ ಮನೆಯೂ ಹೋಗಿತ್ತು. ಇವನು ಆಗ ತುಂಬ ಚಿಕ್ಕವ, ಪರಿಹಾರ ಕೇಂದ್ರದ ಊಟ ಮಾತ್ರ ನೆನಪಿದೆ. ಅಪ್ಪ ರಾತ್ರಿ ವಾಪಸ್ ಹೋಗಿ ಏನು ತಂದರು, ಏನು ಬಿಟ್ಟರು ಅಂತ ಮನೆಯಲ್ಲಿ ಯಾರೂ ಎತ್ತುವುದಿಲ್ಲವಂತೆ. ಹೋಗಿ ಕೇಳು ಅಂತ ನಾನು ಹೇಳಲಿಲ್ಲ. ಮನೆಯವರನ್ನು ಸಂದರ್ಶನ ಮಾಡಿಕೊಂಡು ಬನ್ನಿ ಅಂತ ಹೋಮ್‌ವರ್ಕ್ ಕೊಡುವ ಚಟ ನಮಗೆ ಟೀಚರ್‌ಗಳಿಗೆ ಇದೆ, ಇಂಥ ಕಡೆ ಅದು ಬೇಡ. ಗೊಗೊಲ್‌ನ ಅಪ್ಪ ಬಾಯಿ ಬಿಡುವುದೂ ಎಷ್ಟೋ ವರ್ಷ ಆದಮೇಲೆ, ಮಗನ ರೈಲು ತಡವಾಗಿ ಬಂದ ಒಂದು ರಾತ್ರಿ, ಕಾರಿನಲ್ಲಿ ಕೂತು. ಅಲ್ಲಿಯವರೆಗೆ ಓದಿ ಸುಮ್ಮನಾದೆ. ಕೆಲವರು ಮನೆಯಲ್ಲಿ ಕೇಳಿದರು ಅಂತ ಆಮೇಲೆ ಗೊತ್ತಾಯಿತು. ಏನು ಕೇಳಿದಿರಿ ಅಂತ ನಾನು ವಿಚಾರಿಸಲಿಲ್ಲ.

ಪುಸ್ತಕ ಪೂರ್ತಿ ಓದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಗೊಗೊಲ್ ದೊಡ್ಡವನಾಗಿ ಆರ್ಕಿಟೆಕ್ಟ್ ಆಗಿ ನ್ಯೂಯಾರ್ಕ್ ಸೇರಿದ ಮೇಲಿನ ಪ್ರೇಮ, ಮದುವೆ, ಮುರಿದದ್ದು ಎಲ್ಲ ಕಥೆ ಹೇಳಿ ದಾಟಿಸಿದೆ. ಆ ವಯಸ್ಸಿಗೆ ಬೇಡ ಅನ್ನುವುದು ಒಂದು ಕಾರಣ. ಆ ಡಿನ್ನರ್ ಪಾರ್ಟಿಗಳು ನನಗೇ ಸ್ವಲ್ಪ ಎಳೆದ ಹಾಗೆ ಅನ್ನಿಸುವುದು ಇನ್ನೊಂದು. ಅಪ್ಪ ಒಹಾಯೋದಲ್ಲಿ ಒಬ್ಬನೇ ಇದ್ದಾಗ ಹೃದಯಾಘಾತದಿಂದ ಸಾಯುವ ಅಧ್ಯಾಯ ಮಾತ್ರ ಒಂದು ಸಾಲೂ ಬಿಡದೆ ಓದಿದೆವು. ಮಗ ಹೋಗಿ ಅಪ್ಪನ ಬಾಡಿಗೆ ಮನೆ ಖಾಲಿ ಮಾಡುತ್ತಾನಲ್ಲ, ಆ ಭಾಗದಲ್ಲೂ ಬರೀ ವಸ್ತುಗಳೇ. 2006ರ ಮೀರಾ ನಾಯರ್ ಸಿನಿಮಾ ಇದೆ, ಇರ್ಫಾನ್ ಖಾನ್, ಟಬು ಇಬ್ಬರೂ ಚೆನ್ನಾಗಿ ಮಾಡಿದ್ದಾರೆ. ತೋರಿಸುವುದಾದರೆ ಓದು ಮುಗಿದ ಮೇಲೆ ತೋರಿಸಿ. ಮೊದಲೇ ನೋಡಿದರೆ ಅಪ್ಪ ಅಂದರೆ ಇರ್ಫಾನ್ ಮುಖ ಅಂತ ಕೂತುಬಿಡುತ್ತದೆ.

ಮಳೆಯ ದಿನಗಳ ಬರವಣಿಗೆಗೆ ಒಂದೇ ಷರತ್ತು. ಮನೆಯ ಒಂದು ವಸ್ತು, ಒಂದು ಪುಟ, ಯಾವ ಭಾಷೆಯಾದರೂ ಸರಿ, ಕನ್ನಡ ಅಕ್ಷರದಲ್ಲಿ ಬರೆದರೆ ಎಲ್ಲರೂ ಓದಬಹುದು. ಕೊಡವ ತಕ್ಕಿನಲ್ಲಿ ಬಂತು, ಅರೆಭಾಷೆಯಲ್ಲಿ ಬಂತು. ಒಬ್ಬಳು ತೋಟಕ್ಕೆ ಹೋಗುವಾಗ ಅಮ್ಮ ತಲೆಗೆ ಕಟ್ಟುವ ಟವೆಲಿನ ಬಗ್ಗೆ ಬರೆದಳು, ಅದರ ಯಾವ ಮೂಲೆಯಲ್ಲಿ ದುಡ್ಡು ಗಂಟು ಹಾಕುತ್ತಾರೆ ಅನ್ನುವುದೂ ಇತ್ತು. ಒಬ್ಬ ಅಪ್ಪ ಬಂದು, ಟೀಚರೇ ಇದು ಎಸ್‌ಎಸ್‌ಎಲ್‌ಸಿಗೆ ಬರುತ್ತಾ ಅಂತ ಕೇಳಿದರು. ಬರಲ್ಲ ಅಂದೆ. ಮತ್ತೆ ಯಾಕೆ ಅಂದರು. ನಿಮ್ಮ ಮಗ ಬರೆದದ್ದು ಓದಿ ಅಂತ ಕೊಟ್ಟೆ. ಅವರ ಕೋವಿಯ ಬಗ್ಗೆ ಬರೆದಿದ್ದ. ಓದಿ, ಇದರಲ್ಲಿ ಎರಡು ವಿಷಯ ತಪ್ಪಿದೆ ಅಂತ ಅಲ್ಲೇ ಕೂತು ತಿದ್ದತೊಡಗಿದರು.

ಕೊನೆಯ ಅಧ್ಯಾಯದಲ್ಲಿ ಅಶಿಮಾ ಮನೆ ಮಾರಿ, ವರ್ಷದಲ್ಲಿ ಆರು ತಿಂಗಳು ಭಾರತ, ಆರು ತಿಂಗಳು ಅಮೆರಿಕ ಅಂತ ನಿರ್ಧಾರ ಮಾಡುತ್ತಾಳೆ. ನಿಮಗೆ ಹಾಗೆ ಹಂಚಿಕೊಳ್ಳಿ ಅಂದರೆ ಕೊಡಗಿಗೆ ಯಾವ ಆರು ತಿಂಗಳು ಕೊಡ್ತೀರಿ ಅಂತ ಕೇಳಿದೆ. ಮಳೆಗಾಲ ಬಿಟ್ಟು ಅಂತ ಒಬ್ಬ. ಮಳೆ ಬಿಟ್ಟರೆ ಕೊಡಗಿನಲ್ಲಿ ಏನಿದೆ, ಅಣಬೆ, ಕಣಿಲೆ ಎಲ್ಲ ಸಿಗುವುದೇ ಆಗ ಅಂತ ಇನ್ನೊಬ್ಬಳು. ಹುತ್ತರಿ ಸೇರಲೇಬೇಕು, ಹಾಗಾದರೆ ಕಾಫಿ ಕೊಯ್ಲೂ ಬರುತ್ತೆ, ಕೊಯ್ಲಿಗೆ ಸಿಕ್ಕಿಹಾಕಿಕೊಳ್ಳೋದು ಯಾರಿಗೆ ಬೇಕು ಅಂತ ಎಸ್ಟೇಟ್ ಮನೆಯ ಹುಡುಗ. ಕೊಯ್ಲು ಇಲ್ಲದಿದ್ದರೆ ನಾವು ಇಲ್ಲಿಗೆ ಬರ್ತಾನೇ ಇರಲಿಲ್ಲ ಅಂತ ಬಂಗಾಳದ ಹುಡುಗಿ. ಕೊನೆಗೆ ಬೋರ್ಡಿನ ಮೇಲೆ ತಿಂಗಳುಗಳನ್ನು ಬರೆದು ಕೈ ಎತ್ತಿಸಿದೆ. ಎಂಟು ತಿಂಗಳು ಬಂತು. ಎರಡು ತೆಗೆಯಿರಿ ಅಂದರೆ ಯಾರೂ ಒಪ್ಪಲಿಲ್ಲ.